ನೆಲದ ಗುರುತು ದಾಟಿದ ಲೈಟು

ನಾನು ಕೆಲಸ ಕಲಿತದ್ದು ಕುವೆಂಪುನಗರದ ಒಂದು ಸ್ಟುಡಿಯೊದಲ್ಲಿ. ಅದರ ನೆಲದ ಮೇಲೆ ಕೆಂಪು ಟೇಪಿನಿಂದ ಅಂಟಿಸಿದ ಎರಡು ಗುರುತುಗಳಿದ್ದವು, ಎಡಕ್ಕೊಂದು, ಬಲಕ್ಕೊಂದು. ಬಿಳಿ ಛತ್ರಿ ಕಟ್ಟಿದ ಎರಡು ಲೈಟುಗಳು ಆ ಗುರುತುಗಳ ಮೇಲೆಯೇ ನಿಲ್ಲಬೇಕು. ನಡುವೆ ಸ್ಟೂಲು. ಮಗು ಕೂತರೂ ಅದೇ ಬೆಳಕು, ಮುದುಕರು ಕೂತರೂ ಅದೇ. ಆ ಬೆಳಕಿನಲ್ಲಿ ಎಲ್ಲರ ಮುಖವೂ ಒರೆಸಿಟ್ಟ ತಟ್ಟೆಯ ಹಾಗೆ ಕಾಣುತ್ತಿತ್ತು.

ಅಂಗಡಿಯ ಯಜಮಾನರನ್ನು ನಾನು ಸಾರ್ ಎನ್ನುತ್ತಿದ್ದೆ. ಕೆಟ್ಟವರಲ್ಲ. ಕ್ಯಾಮೆರಾ ಹಿಡಿಯುವಾಗ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಳ್ಳಬೇಕೆಂದು ಹೇಳಿಕೊಟ್ಟವರು ಅವರೇ. ಆದರೆ ಬೆಳಕಿನ ವಿಷಯದಲ್ಲಿ ಅವರದು ಒಂದೇ ಮಾತು. "ಮುಖದ ಮೇಲೆ ನೆರಳು ಬಿದ್ರೆ ಗಿರಾಕಿ ಮತ್ತೆ ಬರಲ್ಲ ಕಣಮ್ಮ. ನೆರಳು ಅಂದ್ರೆ ತಪ್ಪು." ಛತ್ರಿಗಳು ಮಾಡಿ ಉಳಿಸಿದ್ದನ್ನು ಕಂಪ್ಯೂಟರ್ ಮಾಡುತ್ತಿತ್ತು. ಆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದವಳು ನಾನು. ತೆಗೆದ ಪ್ರತಿ ಮುಖವನ್ನೂ ಬೆಳ್ಳಗೆ ಮಾಡುವುದು ನನ್ನ ಕೆಲಸ. ಯಾರೂ ಕೇಳಬೇಕಿರಲಿಲ್ಲ. ಟೀ ಕೇಳಿದವರಿಗೆ ಸಕ್ಕರೆ ಹಾಕಿಯೇ ಕೊಡುವಂತೆ ಅದೂ ಒಂದು ಪದ್ಧತಿ.

ನಾನು ಕಪ್ಪು. ಊರಂಚಿನ ಹಿನಕಲ್ಲಿನವಳು. ನಮ್ಮ ಹೊಲಗಳ ಮೇಲೆ ಸೈಟುಗಳು ಬೀಳುವ ಮುಂಚೆ ನಾಲ್ಕು ಹೆಣ್ಣುಮಕ್ಕಳೂ ಅಪ್ಪನ ಜೊತೆ ಬಿಸಿಲಲ್ಲಿ ಕಳೆ ಕಿತ್ತವರು. ಮದುವೆಗೆಂದು ನನ್ನ ಫೋಟೊ ತೆಗೆಸಿದಾಗ ಬೇರೊಂದು ಸ್ಟುಡಿಯೊದವರು ನನ್ನನ್ನು ಹಾಲಿನಲ್ಲಿ ಅದ್ದಿದಂತೆ ಮಾಡಿಕೊಟ್ಟಿದ್ದರು. ನೋಡಲು ಬಂದ ಹುಡುಗನ ಅತ್ತಿಗೆ ನಾನು ಕಾಫಿ ತಟ್ಟೆ ಹಿಡಿದು ನಿಂತಿರುವಾಗಲೇ ಪರ್ಸಿನಿಂದ ಆ ಫೋಟೊ ತೆಗೆದು ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿದರು.

"ಇದು ನಿಮ್ಮ ತಂಗೀದಾ?"

ಅಮ್ಮ ತಲೆ ತಗ್ಗಿಸಿದಳು. ನಾನು ತಗ್ಗಿಸಲಿಲ್ಲ. ಕಾಫಿ ಕೊಟ್ಟು, "ನಂದೇ. ಆದ್ರೆ ನಾನಲ್ಲ" ಎಂದೆ. ಆ ಸಂಬಂಧ ಅಲ್ಲಿಗೇ ಮುಗಿಯಿತು. ಮುಂದೆ ನಾನು ಮದುವೆಯಾದದ್ದು ಫೋಟೊ ಕೇಳದೆ ನೇರವಾಗಿ ಮನೆಗೆ ಬಂದವರನ್ನು. ಆದರೆ ಆ ಪ್ರಶ್ನೆ ನನ್ನಲ್ಲಿ ಉಳಿದಿತ್ತು. ಕಂಪ್ಯೂಟರಿನ ಮುಂದೆ ಕೂತು ಒಂದೊಂದು ಮುಖ ಬೆಳ್ಳಗೆ ಮಾಡುವಾಗಲೂ ಅದೇ ಕೇಳಿಸುತ್ತಿತ್ತು.

ಮಧ್ಯಾಹ್ನ ಯಜಮಾನರು ಊಟಕ್ಕೆ ಹೋಗಿ ಒಂದು ನಿದ್ದೆ ತೆಗೆದು ಬರುತ್ತಿದ್ದರು. ಆ ಹೊತ್ತಿನಲ್ಲಿ ಬಾಗಿಲು ಮುಂದೆ ಮಾಡಿ ಲೈಟುಗಳನ್ನು ಗುರುತಿನಿಂದ ಸರಿಸಿ ನೋಡತೊಡಗಿದೆ. ಕೂರಿಸಲು ಮನುಷ್ಯರಿರಲಿಲ್ಲ. ಒಂದು ದಿನ ಸಂಜೆಯ ಅಡುಗೆಗೆಂದು ಕೊಂಡಿದ್ದ ಬದನೆಕಾಯಿ ಚೀಲದಲ್ಲಿತ್ತು. ಅದನ್ನೇ ಸ್ಟೂಲಿನ ಮೇಲಿಟ್ಟೆ. ಪಕ್ಕದಲ್ಲಿ ಬಿಳಿ ಕರ್ಚೀಫು ಮಡಿಸಿಟ್ಟೆ. ಛತ್ರಿಯಿಲ್ಲದ ಲೈಟು ಹಾಕಿದರೆ ಬದನೆಕಾಯಿಯ ಮೇಲೆ ಒಂದೇ ಒಂದು ಬಿಳಿ ಚುಕ್ಕೆ ಮೂಡುತ್ತಿತ್ತು, ಉಳಿದದ್ದೆಲ್ಲ ಕತ್ತಲು. ಬೆಳಕು ಹೆಚ್ಚಿಸಿದರೆ ಕರ್ಚೀಫು ಸುಟ್ಟ ಹಾಗೆ ಬೆಳ್ಳಗಾಗಿ ಮಡಿಕೆಗಳೇ ಮಾಯವಾಗುತ್ತಿದ್ದವು, ಬದನೆಕಾಯಿ ಮಾತ್ರ ಹಾಗೆಯೇ ಇರುತ್ತಿತ್ತು.

ಹಲವು ಮಧ್ಯಾಹ್ನ, ಹಲವು ಬದನೆಕಾಯಿ ಇದರಲ್ಲೇ ಹೋದವು. ಕೊನೆಗೆ ಒಂದು ದಿನ ಅಗಲವಾದ ಬಿಳಿ ಪಂಚೆಯನ್ನು ಪಕ್ಕಕ್ಕೆ ಇಳಿಬಿಟ್ಟು ಅದರ ಹಿಂದಿನಿಂದ ಲೈಟು ಹಾಕಿದೆ. ಬದನೆಕಾಯಿಯ ಉದ್ದಕ್ಕೂ ಮೃದುವಾದ ಬೆಳಕಿನ ಪಟ್ಟಿಯೊಂದು ಇಳಿಯಿತು. ಅದರ ಉಬ್ಬು, ತೊಟ್ಟಿನ ಹತ್ತಿರದ ತಗ್ಗು, ನೇರಳೆಯೊಳಗಿನ ಕೆಂಪು ಎಲ್ಲ ಕಂಡವು. ಅದು ಬೆಳ್ಳಗೇನೂ ಆಗಿರಲಿಲ್ಲ. ಕಪ್ಪಾಗಿಯೇ ಇತ್ತು, ಆದರೆ ತುಂಬಿಕೊಂಡಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಕಪ್ಪು ಮೈಗೆ ಬೇಕಾದದ್ದು ಜಾಸ್ತಿ ಬೆಳಕಲ್ಲ, ಅಗಲವಾದ ಬೆಳಕು ಪಕ್ಕದಿಂದ. ಇಷ್ಟೇ ಸಂಗತಿ. ಇಷ್ಟನ್ನು ಯಾರೂ ಯಾಕೆ ಮಾಡಿ ನೋಡಲಿಲ್ಲ ಎಂದು ಸಿಟ್ಟು ಬಂತು.

ಯಜಮಾನರು ಅವತ್ತು ಬೇಗ ಬಂದರು. ಸ್ಟೂಲಿನ ಮೇಲಿನ ಬದನೆಕಾಯಿ ನೋಡಿದರು, ಪಂಚೆ ನೋಡಿದರು.

"ಇದೇನು ತರಕಾರಿ ಅಂಗಡಿನಾ?"

"ಲೈಟು ಹಾಕಿ ನೋಡ್ತಿದ್ದೆ ಸಾರ್."

"ನೋಡಿದ್ದಾಯ್ತಲ್ಲ. ಗುರುತಿನ ಮೇಲೆ ನಿಲ್ಸು."

ನಿಲ್ಲಿಸಿದೆ. ಬದನೆಕಾಯಿ ರಾತ್ರಿ ಎಣ್ಣೆಗಾಯಿಯಾಯಿತು.

ಕೆಲವು ತಿಂಗಳ ಬಳಿಕ ಒಂದು ಮಧ್ಯಾಹ್ನ ಮೂವರು ಹೆಂಗಸರು ಬಂದರು. ಒಬ್ಬಳು ಮದುವೆಯಾಗಲಿದ್ದ ಹುಡುಗಿ, ಆಸ್ಪತ್ರೆಯಲ್ಲಿ ನರ್ಸು. ಜೊತೆಗೆ ಅವಳ ಅಮ್ಮ. ಮೂರನೆಯವರು ಹುಡುಗಿಯ ಸೋದರತ್ತೆ. ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು, ಕೃಷ್ಣಮೂರ್ತಿಪುರಂನಲ್ಲಿ ಒಬ್ಬರೇ ಇದ್ದು ಚರ್ಚಿನ ಮದುವೆಗಳಿಗೆ ಗೌನು ಹೊಲಿದುಕೊಡುವವರು. ಎಲ್ಲರೂ ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದರು. ಈ ಸೋದರಸೊಸೆಯ ಗೌನನ್ನೂ ಅವರೇ ಹೊಲಿದಿದ್ದರು. ರಿಸೆಪ್ಷನ್ ಹಾಲಿನ ಬಾಗಿಲಲ್ಲಿ ನಿಲ್ಲಿಸಲು ದೊಡ್ಡದೊಂದು ಫೋಟೊ ಬೇಕಿತ್ತು.

ಹುಡುಗಿ ನನಗಿಂತ ಕಪ್ಪು. ಅಚ್ಚ ಬಿಳಿ ಗೌನು ತೊಟ್ಟು, ತಲೆಯ ಮೇಲೆ ನೆಟ್ಟಿನ ಮುಸುಕು ಹಾಕಿಕೊಂಡು ಎರಡು ಛತ್ರಿಗಳ ನಡುವೆ ಕೂತಳು. ಯಜಮಾನರು ತೆಗೆದರು. ನನ್ನ ಕಂಪ್ಯೂಟರಿಗೆ ಬಂದಾಗ ಗೌನು ಬಿಳಿ ಗೋಡೆಯಂತಿತ್ತು, ಮುಖ ಚಪ್ಪಟೆಯಾಗಿತ್ತು. "ಮುಖಾನ ಗೌನಿಗೆ ಸರಿಹೊಂದ್ಸು" ಎಂದರು ಯಜಮಾನರು. ಹೊಂದಿಸಿದೆ. ಪರದೆಯನ್ನು ಹೆಂಗಸರತ್ತ ತಿರುಗಿಸಿದಾಗ ಟೀಚರ್ ಕನ್ನಡಕ ಏರಿಸಿ ಬಗ್ಗಿ ನೋಡಿದರು.

"ಇದ್ಯಾರು?"

"ನಿಮ್ಮ ಹುಡುಗೀನೇ ಮೇಡಂ" ಎಂದರು ಯಜಮಾನರು. "ಎಲ್ಲರಿಗೂ ಹಿಂಗೇ ಮಾಡೋದು."

"ನನ್ನ ಗೌನ್ ಮೇಲಿನ ಕಸೂತಿ ಎಲ್ಲಿ ಹೋಯ್ತು? ಕಣ್ಣು ನೋಯ್ಸ್ಕೊಂಡು ಹಾಕಿದ್ದೀನಿ ಕಣ್ರೀ."

ಟೀಚರ್‌ಗೆ ಕಸೂತಿಯ ಚಿಂತೆ, ನನಗೆ ಮುಖದ್ದು. ನಾನು ಮಧ್ಯೆ ಬಾಯಿ ಹಾಕಿದೆ. "ಸಾರ್, ಸ್ವಲ್ಪ ಹೊತ್ತು ಬಿಡಿ. ಲೈಟು ಸರಿಸಿ ಇನ್ನೊಂದು ತೆಗೀತೀನಿ. ಮುಖಾನೂ ಬರುತ್ತೆ, ಕಸೂತೀನೂ ಬರುತ್ತೆ."

ಯಜಮಾನರು ನನ್ನತ್ತ ನೋಡಲೂ ಇಲ್ಲ. "ಲೈಟು ಎಲ್ಲಿದ್ಯೋ ಅಲ್ಲೇ ಇರ್ಲಿ."

ಮೂವರೂ ಫೋಟೊ ತೆಗೆದುಕೊಳ್ಳದೆ ಎದ್ದರು. ಮೆಟ್ಟಿಲು ಇಳಿಯುವ ಮುಂಚೆ ಟೀಚರ್ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು. "ನಿಂಗೆ ನಿಜವಾಗ್ಲೂ ಬರುತ್ತಾ, ಇಲ್ಲಾ ಸುಮ್ನೆ ಅಂದ್ಯಾ?"

"ಬದನೆಕಾಯಿಗೆ ಬಂದಿದೆ ಟೀಚರ್. ಮನುಷ್ಯರಿಗೆ ಇನ್ನೂ ಮಾಡಿ ನೋಡಿಲ್ಲ."

ಅವರು ನಕ್ಕರು. "ರಜಾ ದಿನ ನಮ್ಮನೇಗೆ ಬಾ."

ರಜೆಯ ದಿನ ಬೆಳಿಗ್ಗೆ ನನ್ನ ಹಳೆಯ ಕ್ಯಾಮೆರಾ, ಎರಡು ಎಲ್‌ಇಡಿ ಬಲ್ಬು, ಒಂದು ಎಕ್ಸ್‌ಟೆನ್ಷನ್ ಬೋರ್ಡು ಸ್ಕೂಟರಿಗೇರಿಸಿ ಹೊರಟೆ. ಸ್ಟುಡಿಯೊದಿಂದ ಒಂದು ಕ್ಲಿಪ್ಪನ್ನೂ ತರಲಿಲ್ಲ. ಟೀಚರ್ ಮನೆಯ ಮುಂಗೋಣೆಯೇ ಹೊಲಿಗೆಯ ಕೋಣೆ. ಬಟ್ಟೆ ಒಣಗಿಸುವ ಸ್ಟ್ಯಾಂಡಿಗೆ ಗೌನಿನ ಲೈನಿಂಗ್ ಬಟ್ಟೆ ಬಿಗಿದು ಕಟ್ಟಿದೆವು. ಅದರ ಹಿಂದೆ ಬಲ್ಬು. ಹುಡುಗಿಯನ್ನು ಪಕ್ಕಕ್ಕೆ ಕೂರಿಸಿದೆ.

ಮೊದಲು ತೆಗೆದದ್ದು ಕೆಟ್ಟದಾಗಿತ್ತು. ಮುಖ ಚೆನ್ನಾಗಿ ಬಂತು, ಗೌನು ಮತ್ತೆ ಗೋಡೆಯಾಯಿತು. ಬಟ್ಟೆಯನ್ನು ದೂರ ಇಟ್ಟರೆ ಕಸೂತಿ ಬಂತು, ಮುಖ ಕತ್ತಲಲ್ಲಿ ಮುಳುಗಿತು. ಹುಡುಗಿ ಬೆವರುತ್ತಿದ್ದಳು. ಅವಳ ಅಮ್ಮ ಬಾಗಿಲಲ್ಲಿ ನಿಂತು, "ಸಾಕು ಬಿಡಿ, ಆ ಸ್ಟುಡಿಯೊದಲ್ಲೇ ತಗೊಂಡ್ಬುಡೋಣ" ಎನ್ನುತ್ತಿದ್ದರು. ದೊಡ್ಡ ಮಾತಾಡಿ ಬಂದವಳು ನಾನು.

ಮುಖಕ್ಕೆ ಬೇಕು, ಗೌನಿಗೆ ಬೇಡ. ಒಂದೇ ಬೆಳಕು ಮೇಲೆ ಬೀಳಬೇಕು, ಕೆಳಗೆ ತಡೆಯಬೇಕು. "ಟೀಚರ್, ಕಪ್ಪು ಬಟ್ಟೆ ಇದೆಯಾ?" ಎಂದೆ. ಅವರು ಒಳಗೆ ಹೋಗಿ ಕಪ್ಪು ಲಂಗವೊಂದನ್ನು ತಂದರು. ಅದನ್ನು ರಟ್ಟಿನ ಮೇಲೆ ಹೊದಿಸಿ, ಬಲ್ಬಿಗೂ ಗೌನಿಗೂ ನಡುವೆ ಎದೆಯ ಮಟ್ಟದಲ್ಲಿ ಹಿಡಿದುಕೊಳ್ಳಲು ಅವರಿಗೇ ಕೊಟ್ಟೆ.

"ಇನ್ನೂ ಕೆಳಗೆ. ಸ್ವಲ್ಪ ಹಿಂದೆ. ಹಾ, ಅಲ್ಲೇ."

ಗೌನಿನ ಉರಿ ಇಳಿಯಿತು. ಕಸೂತಿಯ ಒಂದೊಂದು ಎಲೆಗೂ ತನ್ನದೇ ಸಣ್ಣ ನೆರಳು ಬಂತು. ಮೇಲೆ ಹುಡುಗಿಯ ಕೆನ್ನೆ, ಮೂಗಿನ ಏಣು, ಕುತ್ತಿಗೆಯ ಇಳಿಜಾರು. ಮುಖದ ಇನ್ನೊಂದು ಬದಿ ನೆರಳಿನಲ್ಲಿತ್ತು. ಅದನ್ನು ಹಾಗೆಯೇ ಬಿಟ್ಟೆ. ಆ ಬದಿಯನ್ನು ಬೆಳಗಲು ಇನ್ನೊಂದು ಬಲ್ಬು ಇತ್ತು. ಬೇಕೆಂದೇ ಹಾಕಲಿಲ್ಲ.

ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಹುಡುಗಿ ತನ್ನನ್ನು ಬಹಳ ಹೊತ್ತು ನೋಡಿದಳು. ಅವಳ ಅಮ್ಮ ನೋಡಿ, "ಇಷ್ಟು ಕಪ್ಪಾ? ಹುಡುಗನ ಕಡೆಯವ್ರು ಏನಂತಾರೆ?" ಎಂದರು.

"ಅವ್ರು ನನ್ನ ನೋಡೇ ಇಲ್ವಾ ಮಮ್ಮಿ? ಅವನು ನನ್ನ ಜೊತೇನೇ ಕೆಲ್ಸ ಮಾಡ್ತಾನೆ, ದಿನಾ ನೋಡ್ತಾನೆ" ಎಂದಳು ಹುಡುಗಿ. "ಅನ್ನೋರು ಇದ್ರೆ ನನ್ನ ಮುಖಕ್ಕೇ ಅನ್ಲಿ. ಇದೇ ಇರ್ಲಿ."

ಮದುವೆಗೆ ನನ್ನನ್ನೂ ಕರೆದಿದ್ದರು. ರಿಸೆಪ್ಷನ್ ಹಾಲಿನ ಬಾಗಿಲಿಗೆ ಹೋದಾಗ ಫೋಟೊ ಇರಬೇಕಾದ ಜಾಗದಲ್ಲಿ ಇರಲಿಲ್ಲ. ಯಾರೋ ಅದನ್ನು ಸ್ಟ್ಯಾಂಡಿನ ಸಮೇತ ಪಕ್ಕಕ್ಕೆ ತಳ್ಳಿ, ಅದರ ಮುಂದೆ ದೊಡ್ಡದೊಂದು ಹೂಕುಂಡ ಇಟ್ಟಿದ್ದರು. ಹೋಗಿ ಎಳೆಯೋಣವೆಂದು ನಾಲ್ಕು ಹೆಜ್ಜೆ ಹಾಕಿದ್ದೆ. ಅಷ್ಟರಲ್ಲಿ ಹುಡುಗಿಯ ಅಮ್ಮ ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು. ಹೂಕುಂಡವನ್ನು ಕಾಲಿನಿಂದಲೇ ಸರಿಸಿ, ಸ್ಟ್ಯಾಂಡನ್ನು ಬಾಗಿಲ ನಡುವೆ ತಂದು ನಿಲ್ಲಿಸಿದರು. ಅಲ್ಲಿದ್ದ ಒಬ್ಬಾಕೆ, "ಸ್ವಲ್ಪ ಬೆಳ್ಳಗೆ ಮಾಡ್ಸ್ಬೋದಿತ್ತು" ಎಂದರು. ಹುಡುಗಿಯ ಅಮ್ಮ ತಿರುಗಿ, "ನನ್ನ ಮಗಳು ಇರೋದೇ ಹಂಗೆ. ಊಟಕ್ಕೆ ಹೋಗಿ" ಎಂದರು. ಫೋಟೊ ಅವರಿಗೆ ಇಷ್ಟವಾಗಿತ್ತೋ, ತಮ್ಮ ಮಗಳ ಫೋಟೊವನ್ನು ಇನ್ನೊಬ್ಬರು ಸರಿಸಿದ್ದು ಸಹಿಸಲಾಗಲಿಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಆ ಫೋಟೊ ಹಲವರ ಮೊಬೈಲಿಗೆ ಹೋಯಿತು. ಗಿರಾಕಿಯೊಬ್ಬರು ಅದನ್ನು ಯಜಮಾನರಿಗೇ ತೋರಿಸಿ, ನಮಗೂ ಹೀಗೇ ಬೇಕು ಎಂದರಂತೆ. ಮರುದಿನ ಯಜಮಾನರು ನನ್ನನ್ನು ಕರೆದು ನೆಲದ ಕಡೆ ಬೆರಳು ಮಾಡಿದರು.

"ಇಲ್ಲಿ ಇರ್ಬೇಕು ಅಂದ್ರೆ ಲೈಟು ಆ ಗುರುತಿನ ಮೇಲೆ ನಿಲ್ಬೇಕು. ಹೊರಗಡೆ ಹೋಗಿ ತೆಗೆಯೋದೂ ನಿಲ್ಬೇಕು."

"ಹಂಗಾದ್ರೆ ನಾನೇ ನಿಲ್ಲಲ್ಲ ಸಾರ್."

ಅವರು ನಾನು ಅಳುತ್ತೇನೆ ಅಂದುಕೊಂಡಿದ್ದರೋ ಏನೋ. ನಾನು ಚೀಲ ತೆಗೆದುಕೊಂಡೆ, ಊಟದ ಡಬ್ಬಿ ಇಟ್ಟುಕೊಂಡೆ, ಕಂಪ್ಯೂಟರ್ ಆಫ್ ಮಾಡಿದೆ. "ಕ್ಯಾಮೆರಾ ಹಿಡಿಯೋದು ಕಲಿಸಿದ್ರಿ, ಮರೆಯಲ್ಲ" ಎಂದೆ. ಅದು ನಿಜವಾದ ಮಾತು. ಅವರೂ ತಲೆಯಾಡಿಸಿದರು.

ನನ್ನ ಅಮ್ಮನಿಗೆ ವಿಷಯ ಹೇಳಿದಾಗ ರಾಗಿ ಬೀಸಿಸಿಕೊಂಡು ಬಂದ ಡಬ್ಬ ಕೆಳಗಿಟ್ಟು, "ಇರೋ ಕೆಲ್ಸ ಬುಟ್ಟು ಬಂದ್ಬುಟ್ಟು ಎಂಗವ್ವಾ ಮಾಡ್ತೀಯ?" ಎಂದಳು.

"ಲೈಟು ಹಾಕ್ತೀನಿ" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಡಬ್ಬ ಎತ್ತಿಕೊಂಡು ಒಳಗೆ ಹೋದಳು.

ಟೀಚರ್ ತಮ್ಮ ಮುಂಗೋಣೆಯನ್ನು ಅರ್ಧ ಮಾಡಿ ಕೊಟ್ಟರು. ಒಂದು ಬದಿಗೆ ಅವರ ಹೊಲಿಗೆ ಯಂತ್ರ, ಇನ್ನೊಂದು ಬದಿಗೆ ನನ್ನ ಲೈಟುಗಳು. ಬಾಗಿಲಿಗೆ ಒಂದು ಹಲಗೆ ನೇತುಹಾಕಿದೆ. 'ಇಲ್ಲಿ ಮುಖ ಬೆಳ್ಳಗೆ ಮಾಡಿಕೊಡುವುದಿಲ್ಲ.' ಹಿತವಾಗಿ ಬರೆಯಬಹುದಿತ್ತು ಎಂದು ನನ್ನ ಮನೆಯವರೂ ಹೇಳಿದರು. ಹಿತವಾಗಿ ಬರೆದರೆ ಯಾರೂ ಓದುವುದಿಲ್ಲ ಎಂದೆ. ಮೊದಲ ತಿಂಗಳುಗಳಲ್ಲಿ ಬಂದವರಿಗಿಂತ ಹಲಗೆ ಓದಿ ನಕ್ಕು ಮುಂದೆ ಹೋದವರೇ ಹೆಚ್ಚು. ನಿಧಾನಕ್ಕೆ ಆ ನರ್ಸಿನ ಜೊತೆಯವರು ಬಂದರು, ಅವರ ಅಕ್ಕತಂಗಿಯರು ಬಂದರು. ಈಗ ಅಂಗಡಿ ನಡೆಯುತ್ತಿದೆ. ಅಬ್ಬರವಿಲ್ಲ, ಆದರೆ ಮುಚ್ಚಿಯೂ ಇಲ್ಲ.

ಕಳೆದ ವಾರ ಒಬ್ಬರು ಮಗಳನ್ನು ಕರೆತಂದಿದ್ದರು. ಸಂಬಂಧಕ್ಕೆ ಕಳಿಸುವ ಫೋಟೊ. "ಹಲಗೆ ಓದಿದೆ. ಆದ್ರೂ ಒಂಚೂರು ಮಾಡ್ಕೊಡಿ, ಎಲ್ಲ ಕಡೆ ಮಾಡ್ತಾರೆ" ಎಂದರು.

"ಮಾಡ್ತಾರೆ. ಕುವೆಂಪುನಗರದಲ್ಲಿ ಒಬ್ರಿದ್ದಾರೆ, ಚೆನ್ನಾಗಿ ಮಾಡ್ಕೊಡ್ತಾರೆ. ನಾನು ಮಾಡಲ್ಲ."

ಅವರು ಮಗಳ ಕೈಹಿಡಿದುಕೊಂಡು ಹೋದರು. ಯಂತ್ರದ ಹಿಂದಿನಿಂದ ಟೀಚರ್, "ಬಂದೋರನ್ನೆಲ್ಲ ಹಿಂಗೇ ಓಡ್ಸು" ಎಂದು ಗೊಣಗಿದರು. "ಹಲಗೆ ತೆಗೆದುಬಿಡ್ಲಾ?" ಎಂದು ಕೇಳಿದೆ. "ನಾನೆಲ್ಲಿ ಹಂಗಂದೆ? ಅಗೋ, ಯಾರೋ ಬಂದ್ರು ನೋಡು" ಎಂದು ಸೂಜಿಗೆ ದಾರ ಪೋಣಿಸತೊಡಗಿದರು.

ಬಂದವರು ದಪ್ಪ ಕನ್ನಡಕದ ಹಿರಿಯರೊಬ್ಬರು. ಸ್ಟೂಲಿನ ಮೇಲೆ ಕೂತರು. ಲೈಟಿನ ಮುಂದೆ ಕಟ್ಟಿದ ನನ್ನ ಬಿಳಿ ಬಟ್ಟೆ ಅವರ ಎರಡೂ ಗಾಜಿನಲ್ಲಿ ಚೌಕವಾಗಿ ಮೂಡಿ ಕಣ್ಣುಗಳನ್ನೇ ಮುಚ್ಚಿತ್ತು. ನಾನು ಕ್ಯಾಮೆರಾ ಇಳಿಸಿದ್ದು ನೋಡಿ ಅವರು ಕೇಳಿದರು. "ಕನ್ನಡಕ ತೆಗೀಬೇಕೇನಮ್ಮ? ಎಲ್ಲ ಕಡೆ ತೆಗೀರಿ ಅಂತಾರೆ."

"ಬೇಡ ಸಾರ್. ನೀವು ಹೆಂಗಿದ್ದೀರೋ ಹಂಗೇ ಕೂತಿರಿ" ಎಂದು ಸ್ಟ್ಯಾಂಡಿನ ಕೀಲು ಸಡಿಲಿಸಿದೆ. "ಸರಿಯೋದು ಲೈಟಿನ ಕೆಲ್ಸ."