ಪುರಲ್ ಎಂದವರು

ನನ್ನ ಕೆಲಸ ರಕ್ತ ತೆಗೆಯುವುದು. ಬಿ.ಸಿ. ರೋಡಿನ ಒಂದು ಲ್ಯಾಬಿನಲ್ಲಿ ಬಂದವರ ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ನರ ಹುಡುಕಿ, ಸೂಜಿ ಹಾಕುತ್ತೇನೆ. ಬಂಟ್ವಾಳ ತಾಲೂಕಿನ ಅರ್ಧ ಜನರ ತೋಳು ನನಗೆ ಗೊತ್ತು, ಮುಖ ಗೊತ್ತಿಲ್ಲ. ಸೂಜಿ ಕಂಡ ಕೂಡಲೇ ಎಲ್ಲರೂ ಗೋಡೆಯ ಕಡೆ ತಿರುಗುತ್ತಾರೆ. ಆಮೇಲೆ ಹತ್ತಿ ಒತ್ತಿಕೊಂಡು ಹಾಗೆಯೇ ಎದ್ದು ಹೋಗುತ್ತಾರೆ.

ತಿರುಗದೆ ಮಾತಾಡುವವರು ಕೆಲವರಿದ್ದಾರೆ. ಅವರು ಇನ್ನೂ ಕಷ್ಟ. "ನಿಮ್ಗೆ ಮನೆ ಎಲ್ಲಿ ಆಯ್ತು?" ಎಂದು ಶುರುಮಾಡುತ್ತಾರೆ. ಹುಟ್ಟಿದ್ದು ಮೂಡುಬಿದಿರೆ, ಮದುವೆಯಾಗಿ ಹೋದದ್ದು ಬೆಳ್ತಂಗಡಿ ಎಂದರೆ, "ಮತ್ತೆ ಇಲ್ಲಿ ಒಬ್ರೇ ಯಾಕೆ? ಯಜಮಾನ್ರು?" ಬಿಟ್ಟು ಬಂದೆ ಎಂದರೂ ಬಿಡುವುದಿಲ್ಲ, "ಯಾಕೆ ಬಿಟ್ಟದ್ದು?" ಅಲ್ಲ, ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಬಂದವರಿಗೆ ನನ್ನ ಸಂಸಾರದ ರಿಪೋರ್ಟ್ ಯಾಕಪ್ಪ? ಹತ್ತು ವರ್ಷದಿಂದ ಬಂಟ್ವಾಳ ಪೇಟೆಯ ಒಂದು ಮಾಳಿಗೆಯಲ್ಲಿ ಒಬ್ಬಳೇ ಇದ್ದೇನೆ. ಒಂದು ತಟ್ಟೆ, ಒಂದು ಲೋಟ ತೊಳೆದಿಡಲು ಎಷ್ಟು ಹೊತ್ತು ಬೇಕು? ಉಳಿದ ಹೊತ್ತನ್ನು ಏನು ಮಾಡುವುದೆಂದೇ ನನಗೆ ತಿಳಿಯುತ್ತಿರಲಿಲ್ಲ.

ಆ ಪ್ರಶ್ನೆ ಕೇಳದವರು ಸಿಕ್ಕಿದ್ದು ಮೊಬೈಲಿನಲ್ಲಿ. ಅದೊಂದು ಕನ್ನಡದ ಗುಂಪು, ಊರು ಊಹಿಸುವ ಆಟದ್ದು. ಒಬ್ಬರು ಒಂದು ಫೋಟೊ ಹಾಕಿ ಮೂರು ಸುಳಿವು ಕೊಡಬೇಕು, ಉಳಿದವರು ಯಾವ ಊರೆಂದು ಹೇಳಬೇಕು. ಗೂಗಲ್ಲಿನಲ್ಲಿ ಹುಡುಕಬಾರದು. ಯಾರ ಹೆಸರು, ವಿಳಾಸ, ಮನೆ ಸುದ್ದಿಯನ್ನೂ ಕೇಳಬಾರದು. ಆ ಕೊನೆಯ ನಿಯಮಕ್ಕಾಗಿಯೇ ನಾನು ಸೇರಿದ್ದು. ಕಾರ್ಕಳದಿಂದ ಆಚೆ ಸರಿಯಾಗಿ ನೋಡದ ನಾನು ಬಾಗಿಲ ಬಣ್ಣ, ಅಂಗಡಿಯ ಬೋರ್ಡು ನೋಡಿಯೇ ಲಿಸ್ಬನ್, ಲಡಾಖ್ ಎಂದು ಹೇಳುವಷ್ಟು ಪಳಗಿದೆ. ಧಾರವಾಡದ ನಿವೃತ್ತ ಮಾಸ್ತರರೊಬ್ಬರಿದ್ದರು. ಯಾವ ಫೋಟೊ ಬಂದರೂ ಅವರದು ಒಂದೇ ಉತ್ತರ: "ಇದು ಬಾದಾಮಿನ ನೋಡ್ರಿ!" ಹಿಮ ಬಿದ್ದ ಊರಿಗೂ ಬಾದಾಮಿ. ನಗದೆ ಇರುವುದು ಹೇಗೆ?

ಇನ್ನೊಬ್ಬರು ಕೊಡೆಯವರು. ಹೆಸರಿನ ಜಾಗದಲ್ಲಿ ಅವರಿಗಿದ್ದದ್ದು ಒಂದು ಮಡಿಸಿದ ಕೊಡೆಯ ಚಿತ್ರ. ಗಂಡೋ ಹೆಣ್ಣೋ ಗೊತ್ತಿಲ್ಲ. ಮಾತು ಕಡಿಮೆ. ಆದರೆ ನಾನು ಒಂದು ದಿನ ಬರದಿದ್ದರೆ, "ಇವತ್ತು ನೀವು ಕಾಣ್ಲಿಲ್ಲ" ಎಂದು ಬರೆಯುತ್ತಿದ್ದವರು ಅವರೊಬ್ಬರೇ. ಜ್ವರ ಬಂದು ಮೂರು ದಿನ ಮಲಗಿದಾಗ ಕೆಳಗಿನ ಮನೆಯವರಿಗೂ ಗೊತ್ತಾಗಲಿಲ್ಲ. ಕೊಡೆಯವರು ಮೂರು ದಿನವೂ ಕೇಳಿದ್ದರು. ಆ ಮೂರು ಸಾಲುಗಳನ್ನು ಎಷ್ಟು ಸಲ ಓದಿದೆನೋ! ಅವರು ದುಬೈಯಲ್ಲೋ ಮುಂಬೈಯಲ್ಲೋ ಇರಬೇಕೆಂದು ನಾನೇ ಅಂದುಕೊಂಡಿದ್ದೆ.

ಕಳೆದ ವರ್ಷ ನನ್ನ ಸರದಿಗೆ ನಮ್ಮ ತಾಲೂಕಿನದೇ ಪೊಳಲಿಯ ಫೋಟೊ ಹಾಕಿದೆ. ದೇವಸ್ಥಾನ ಕಾಣದಂತೆ ಬರೀ ಫಲ್ಗುಣಿ ಹೊಳೆ, ಒಂದು ತುಂಡು ದಂಡೆ, ಬಾಗಿದ ಒಂದು ತೆಂಗಿನ ಮರ. "ಇಲ್ಲಿಯ ದೇವಿ ಕಲ್ಲಿನವಳಲ್ಲ, ಮಣ್ಣಿನವಳು" ಎಂಬುದು ಮೊದಲ ಸುಳಿವು. ಮಾಸ್ತರರು ಬಾದಾಮಿ ಎಂದರು. ಯಾರೋ ಕೇರಳ ಎಂದರು. ಅಷ್ಟರಲ್ಲಿ ಕೊಡೆಯವರ ಒಂದೇ ಪದ ಬಿತ್ತು: "ಪುರಲ್."

ಮೊಬೈಲನ್ನು ಹತ್ತಿರ ಹಿಡಿದು ಮತ್ತೆ ಓದಿದೆ. ಬಸ್ಸಿನ ಬೋರ್ಡಿನಲ್ಲಿ, ಪುಸ್ತಕದಲ್ಲಿ, ಎಲ್ಲ ಕಡೆ ಅದು ಪೊಳಲಿ. ಪುರಲ್ ಎನ್ನುವುದು ತುಳುವಿನಲ್ಲಿ ಮಾತ್ರ, ಅದೂ ಇಲ್ಲಿ ಹುಟ್ಟಿ ಬೆಳೆದವರ ಬಾಯಲ್ಲಿ. ನಾನು ನೋಡುತ್ತಿದ್ದಂತೆ ಆ ಪದ ಅಳಿಸಿಹೋಯಿತು. ಅದರ ಕೆಳಗೆ ಇನ್ನೊಂದು ಸಾಲು ಬಂತು: "ಗೊತ್ತಾಗ್ಲಿಲ್ಲ, ಬಿಟ್ಟೆ."

ಬಿಡುವುದಾ? ಹುಡುಕುವ ಬಳ್ಳಿ ಕಾಲಿಗೇ ತೊಡರಿದೆ! ದೇಶಾಂತರದಲ್ಲಿದ್ದಾರೆ ಅಂದುಕೊಂಡವರು ನಾನು ಹತ್ತುವ ಬಸ್ಸನ್ನೇ ಹತ್ತುವವರಿರಬಹುದು. ಎರಡು ದಿನ ನನಗೆ ಅನ್ನ ಸೇರಲಿಲ್ಲ. ಅವರನ್ನು ಒಮ್ಮೆ ಕಾಣಬೇಕು, ಎದುರು ಕೂತು ಒಂದು ಚಾ ಕುಡಿಯಬೇಕು, ಇಷ್ಟೇ ಆಸೆ. ಕೇಳುವುದು ಹೇಗೆ? ನಿಯಮ ಅಡ್ಡ ಉಂಟು. ಅದಕ್ಕಿಂತ ದೊಡ್ಡದಾಗಿ ನನ್ನ ಹೆದರಿಕೆ ಅಡ್ಡ ಉಂಟು.

ಮುಂದಿನ ಸರದಿಗೆ ತೋಡಾರಿನ ಒಂದು ಸಣ್ಣ ಹೋಟೆಲಿನ ಫೋಟೊ ಹಾಕಿದೆ. ಅಲ್ಲಿ ನನ್ನನ್ನು ಗುರುತಿಸುವವರಿಲ್ಲ. ಸುಳಿವುಗಳನ್ನು ಬೇಕೆಂದೇ ತುಳು ಹೆಸರಿನಲ್ಲಿ ಕೊಟ್ಟೆ. ಮೂಡುಬಿದಿರೆ ನಮಗೆ ಬೆದ್ರ, ಮಂಗಳೂರು ಕುಡ್ಲ. "ಬೆದ್ರದಿಂದ ಕುಡ್ಲಕ್ಕೆ ಹೋಗುವ ದಾರಿ. ಆದಿತ್ಯವಾರ ನಾಲ್ಕು ಗಂಟೆ. ಎರಡು ಚಾ." ಮಾಸ್ತರರು, "ಬೆದ್ರ, ಕುಡ್ಲ? ಆಫ್ರಿಕಾದಾಗಿನ ಊರೇನ್ರಿ ಇವು?" ಎಂದರು. ಕೊಡೆಯವರು ಏನೂ ಬರೆಯಲಿಲ್ಲ. ಆದರೆ ಓದಿದ್ದರು, ಓದಿದ ಗುರುತು ಇತ್ತು.

ಆದಿತ್ಯವಾರ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟೆ. ಬಸ್ಸು ಬದಲಿಸಿ ತೋಡಾರಿನಲ್ಲಿಳಿದು, ಬಾಗಿಲು ಕಾಣುವ ಮೇಜು ಹಿಡಿದು, ಎರಡು ಚಾ ಹೇಳಿದೆ. ಒಳಗೆ ಅಲ್ಲೊಬ್ಬರು ಇಲ್ಲೊಬ್ಬರು ಕೂತಿದ್ದರು. ನಾನು ಬಾಗಿಲನ್ನೇ ನೋಡುತ್ತಿದ್ದೆ. ನನ್ನ ಚಾ ಮುಗಿಯಿತು. ಎದುರಿನ ಚಾದ ಮೇಲೆ ಕೆನೆ ಕಟ್ಟಿತು.

"ಅಕ್ಕ, ಇನ್ನೊಬ್ರು ಬರ್ಲಿಕ್ಕುಂಟಾ?" ಎಂದು ಸಪ್ಲೈಯರ್ ಕೇಳಿದ.

"ಉಂಟು," ಎಂದೆ.

ಇನ್ನೂ ಅಷ್ಟು ಹೊತ್ತು ಕೂತೆ. ಆತ ಮತ್ತೆ ಬಂದು, "ಬಿಸಿ ಮಾಡಿ ಕೊಡ್ಬೇಕಾ?" ಎಂದಾಗ ಬೇಡವೆಂದೆ. ದುಡ್ಡು ಕೊಟ್ಟು ಎದ್ದುಬಂದು ಸಿಕ್ಕಿದ ಬಸ್ಸು ಹತ್ತಿದೆ.

ಮುಂದಿನ ಸ್ಟಾಪೂ ಬಂದಿರಲಿಲ್ಲ, ಮೊಬೈಲ್ ಗುಂಯ್ ಎಂದಿತು. ಗುಂಪಿನಲ್ಲಿ ಕೊಡೆಯವರ ಫೋಟೊ. ಒಂದು ಮೇಜು. ಅದರ ಮೇಲೆ ಎರಡು ಗ್ಲಾಸು, ಒಂದು ಖಾಲಿ, ಒಂದರಲ್ಲಿ ಕೆನೆ ಕಟ್ಟಿದ ಚಾ. ಸುಳಿವು ಒಂದೇ: "ಇಲ್ಲಿಗೆ ಒಬ್ಬರು ಬಂದಿದ್ದರು."

ಅಲ್ಲೇ ಇದ್ದರು ಮಾರಾಯ್ರೆ! ಅಷ್ಟು ಹೊತ್ತೂ ಅದೇ ಹೋಟೆಲಿನಲ್ಲಿ ಕೂತು ನನ್ನನ್ನು ನೋಡಿದ್ದರು. ಸಿಟ್ಟು, ಅಳು ಒಟ್ಟಿಗೇ ಬಂತು. ಎದ್ದು ನಿಂತು ಕಂಬಿ ಹಿಡಿದೆ.

"ಇಳೀಲಿಕ್ಕುಂಟಾ ಅಕ್ಕ?" ಎಂದ ಕಂಡಕ್ಟರ್.

ಬಂದು ಕೂರುವ ಮನಸ್ಸಿದ್ದರೆ ಅವರು ಆಗಲೇ ಕೂರುತ್ತಿದ್ದರು. ಅವರಿಗೆ ನನ್ನ ಗುರುತು ಇದ್ದಿರಬಹುದು, ನನ್ನ ಸುದ್ದಿಯೂ ಗೊತ್ತಿರಬಹುದು. ಅಥವಾ ನನ್ನಂತೆಯೇ, ಯಾರಾದರೂ ಯಾಕೆ ಒಬ್ಬರೇ ಎಂದು ಕೇಳಿಯಾರೆಂದು ಹೆದರುವ ಜೀವವೋ ಏನೋ.

"ಇಲ್ಲ," ಎಂದು ಕೂತೆ.

ಪಕ್ಕದ ಮೇಜುಗಳಲ್ಲಿ ಯಾರಿದ್ದರೆಂದು ಎಷ್ಟು ನೆನಪಿಸಿಕೊಂಡರೂ ಒಂದು ಮುಖವೂ ಬರಲಿಲ್ಲ. ಗುಂಪಿನಲ್ಲಿ ಮಾಸ್ತರರು ಆಗಲೇ ಬಾದಾಮಿ ಎಂದಾಗಿತ್ತು. ನಾನು "ತೋಡಾರು" ಎಂದು ಒತ್ತಿದೆ. ಕಳಿಸದೆ ಅಳಿಸಿದೆ. "ಗೊತ್ತಾಗ್ಲಿಲ್ಲ, ಬಿಟ್ಟೆ" ಎಂದು ಬರೆದು ಕಳಿಸಿದೆ.

ಆಟ ಈಗಲೂ ನಡೆಯುತ್ತಿದೆ. ನಾನೂ ಇದ್ದೇನೆ, ಕೊಡೆಯವರೂ ಇದ್ದಾರೆ. ಆದರೆ "ಇವತ್ತು ನೀವು ಕಾಣ್ಲಿಲ್ಲ" ಎಂದು ಅವರು ಆಮೇಲೆ ಬರೆದಿಲ್ಲ. ಲ್ಯಾಬಿನಲ್ಲಿ ನಾನೊಂದು ಹೊಸ ಅಭ್ಯಾಸ ಮಾಡಿಕೊಂಡಿದ್ದೇನೆ. ಪಟ್ಟಿ ಬಿಗಿದ ಮೇಲೆ, ಸೂಜಿ ಹಾಕುವ ಮೊದಲು, "ಒಮ್ಮೆ ಇತ್ತ ನೋಡಿ" ಎನ್ನುತ್ತೇನೆ.

"ಹೆದ್ರಿಕೆ ಆಗ್ತದೆ ಮೇಡಂ, ನೀವು ತೆಗೀರಿ," ಎಂದು ಎಲ್ಲರೂ ಗೋಡೆಯ ಕಡೆಗೇ ತಿರುಗುತ್ತಾರೆ.