ಪಾಲುದಾರರನ್ನು ಹುಡುಕುವ ಮಹಾಶಯರು

ನನ್ನ ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಆನ್‌ಲೈನ್ ಪಾಠದ ಕಂಪನಿಯೊಂದಿದೆ. ಅದಕ್ಕೆ ದೇಶದೇಶಗಳಲ್ಲಿ ಪಾಲುದಾರರನ್ನು ಹುಡುಕಿಕೊಡುವ ಮಹಾಶಯರ ಕಣ್ಣಿಗೆ ಈ ಭೂಮಿಯ ಮೇಲೆ ಮನುಷ್ಯರೇ ಇಲ್ಲ, ಇರುವವರೆಲ್ಲ ಪಾರ್ಟ್‌ನರ್‌ಗಳೇ. ಹಲ್ಲು ಕೀಳಿಸಿಕೊಳ್ಳಲು ಹೋದವರು ತೆರೆದ ಬಾಯಲ್ಲೇ ಡಾಕ್ಟರನ್ನು ಪಾಲುದಾರಿಕೆಗೆ ಒಪ್ಪಿಸಿ ಬಂದರು. ಇವರನ್ನು ಕಂಡರೆ ಸ್ವಂತ ಭಾವಮೈದುನನೇ ಬೀದಿ ಬದಲಿಸುತ್ತಾನೆ. "ನೀವು ಜನ ಸೇರ್ಸಿ, ನಾವು ಪಾಠ ಕೊಡ್ತೀವಿ, ಇಬ್ರೂ ಬೆಳೆಯೋಣ" ಎಂದು ನನಗೂ ಗಾಳ ಹಾಕುತ್ತಾರೆ. "ಬೆಳೆದಿದ್ದು ಸಾಕು ಸ್ವಾಮಿ, ಈಗ್ಲೇ ಬಾಗಿಲಲ್ಲಿ ಹಿಡಿಸ್ತಿಲ್ಲ" ಎನ್ನುತ್ತೇನೆ. ಇಂಥ ಮಹಾಶಯರು ಈಚೆಗೆ ಕಳ್ಳರಂತೆ ಬಂದು ಅಂಗಿಯ ಕಾಲರಿಗೆಂದು ಬಟ್ಟೆಯ ತುಂಡು ಕೇಳತೊಡಗಿದರು. ಇಂದು ಬಾಯಿ ಬಿಡಿಸಿದೆ. ದೂರದ ದ್ವೀಪವೊಂದರಿಂದ ಕಂಪನಿಯ ಹೊಲಿಗೆ ಪಾಠ ಕಲಿಸುವ ಒಬ್ಬ ಅಜ್ಜಿ ಇವರಿಗೆ ಸಿಕ್ಕ ಮೊಟ್ಟಮೊದಲ ಪಾಲುದಾರರಂತೆ. ಈ ಸಲ ಒಬ್ಬ ವಿದ್ಯಾರ್ಥಿಯೂ ಪಾಸಾಗದಿದ್ದರೆ ಕಂಪನಿ ಆ ಅಜ್ಜಿಯನ್ನು ಕೈಬಿಡುತ್ತದೆ. ಅಜ್ಜಿಯ ತರಗತಿಗೆ ಸೇರಿದವರೋ ಒಬ್ಬರೂ ಇಲ್ಲ. "ಅದಕ್ಕೆ ನಾನೇ ಸೇರ್ಕೊಂಡೆ ಅಣ್ಣಾ. ಸ್ಕ್ರೀನಲ್ಲೇ ಬೈದು ಬೈದು ಕಲಿಸ್ತಾರೆ. ನಾಳೆ ಪರೀಕ್ಷೆ" ಎಂದು ತಾವು ಹೊಲಿದ ಕಾಲರನ್ನು ತೋರಿಸಿದರು. ಅದನ್ನು ತೊಟ್ಟವನು ಜೀವಮಾನವಿಡೀ ಎಡಕ್ಕೇ ನೋಡುತ್ತಿರಬೇಕು. ಅವರು ಕೇಳಿದ್ದು ಒಂದೇ ತುಂಡು. ನಾನು ಬಟ್ಟೆಯ ಇಡೀ ಥಾನನ್ನೇ ಕಪಾಟಿನಿಂದ ಕೆಳಗಿಳಿಸಿದೆ.