ಡೆಲ್ಮಾಳ ಚಾಕು, ನಮ್ಮ ಕಲಮು

ಡೆಲ್ಮಾ ಕ್ವಿರ್ಕ್ ಹೊಸ ಚಾಕು ಕೊಳ್ಳಲು ಹೋದ ದಿನ ನಾನು ಅವಳ ಜೊತೆಗಿದ್ದೆ. ಅವಳ ಕಾರು ಕೆಟ್ಟು ನಿಂತಿತ್ತು. ನಾನು ಯೂನಿಯನ್ ಶಾಖೆಯ ಕಾರ್ಯದರ್ಶಿ ಎಂದ ಮೇಲೆ ಸದಸ್ಯರನ್ನು ಕಾರಿನಲ್ಲಿ ಸುತ್ತಿಸುವುದೂ ಕೆಲಸವೇ. ವರ್ರಾವೊಂಗ್‌ನಲ್ಲಿ ಡೇರೆ, ಗಾಳ, ಗ್ಯಾಸ್ ಒಲೆ ಮಾರುವ ಅಂಗಡಿ. ಅವಳ ಹಳೆಯ ಚಾಕು ಯಾರೋ ಅಜ್ಜಿಯ ಹಾಸಿಗೆ ಬಟ್ಟೆಗಳ ಜೊತೆ ವಾಷಿಂಗ್ ಮಷಿನ್ನಿಗೆ ಬಿದ್ದು, ಅದರ ಕತ್ತರಿಯ ಸ್ಪ್ರಿಂಗ್ ಮುರಿದಿತ್ತು.

ಅಂಗಡಿಯವನು ಮುಷ್ಟಿಯಷ್ಟು ದಪ್ಪದ್ದೊಂದನ್ನು ತೆಗೆದು ಇಟ್ಟ. ಹದಿನೆಂಟು ಕೆಲಸಕ್ಕೆ ಬರುತ್ತದೆ, ಮೀನಿನ ಹುರುಪೆ ತೆಗೆಯುವ ಅಲಗೂ ಇದೆ ಎಂದ.

"ನಾನು ಮುದುಕರಿಗೆ ಸ್ನಾನ ಮಾಡಿಸೋಳು ಕಣಪ್ಪಾ," ಎಂದಳು ಡೆಲ್ಮಾ. "ಅವರಿಗೆ ಹುರುಪೆ ಇರಲ್ಲ."

ಆಮೇಲೆ ಮುಕ್ಕಾಲು ಗಂಟೆ ಆ ಗಾಜಿನ ಪೆಟ್ಟಿಗೆಯ ಮುಂದೆ ನಿಂತಳು. ಒಂದೊಂದನ್ನೂ ಎಡಗೈಯಲ್ಲೇ ಬಿಚ್ಚಿ ನೋಡಿದಳು. ಬಲಗೈ ಹೆಬ್ಬೆರಳಿಗೆ ಸಂಧಿವಾತ. ಅಲಗು ಅವಳ ನಡುಬೆರಳಿಗಿಂತ ಉದ್ದ ಇರಬಾರದು, ಮುದುಕರು ಕಂಡರೆ ಹೆದರುತ್ತಾರೆ. ಕತ್ತರಿ ಬೇಕೇ ಬೇಕು. ಡಬ್ಬಿ ತೆರೆಯುವ ಕೊಕ್ಕೆ, ಸಣ್ಣ ಸ್ಕ್ರೂಡ್ರೈವರ್, ಮುಳ್ಳು ಕೀಳುವ ಚಿಮಟ. ಬಾಟಲಿ ಬಿರಡೆ ಕೀಳುವ ಸುರುಳಿ ಬೇಡ. "ಅದು ಏಪ್ರನ್ ಜೇಬಿಗೆ ತೂತು ಹಾಕುತ್ತೆ, ಅಲ್ಲದೆ ನಮ್ಮ ಮುದುಕರು ಕುಡಿಯೋ ವೈನು ಪೆಟ್ಟಿಗೇಲಿ ಬರುತ್ತೆ." ಕಡೆಗೆ ನೀಲಿ ಹಿಡಿಯ ಒಂದನ್ನು ಆರಿಸಿ, ಮದುವೆಗೆ ಮೊದಲು ಗಂಡಿನ ಮುಂದೆ ಇಷ್ಟು ಹೊತ್ತು ನಿಂತಿದ್ದರೆ ನನ್ನ ಹದಿನಾಲ್ಕು ವರ್ಷ ಉಳಿಯುತ್ತಿತ್ತು ಎಂದಳು. ಅಂಗಡಿಯವನು ನಗಬೇಕೋ ಬೇಡವೋ ತಿಳಿಯದೆ ನನ್ನ ಮುಖ ನೋಡಿದ.

ಪೋರ್ಟ್ ಕೆಂಬ್ಲಾದಲ್ಲಿ ಹುಟ್ಟಿ ಬೆಳೆದವಳು. ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದ. ಅವಳು ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿದಳು, ಅದು ಮುಚ್ಚಿದ ಮೇಲೆ ಈ ಕೆಲಸಕ್ಕೆ ಬಂದಳು. ಮನೆಮನೆಗೆ ಹೋಗಿ ಮುದುಕರನ್ನು ಎಬ್ಬಿಸುವುದು, ತೊಳೆಯುವುದು, ತಿನ್ನಿಸುವುದು, ಗುಳಿಗೆ ಕೊಡುವುದು. ಇಪ್ಪತ್ತೊಂದು ವರ್ಷ. ದಿನಕ್ಕೆ ಎಂಟು ಮನೆ, ಮನೆಗೆ ಅರ್ಧ ಗಂಟೆ. ಆ ಅರ್ಧ ಗಂಟೆ ಲೆಕ್ಕ ಹಾಕಿದವನು ಯಾವ ಮುದುಕನ ಪ್ಯಾಂಟೂ ಬಿಚ್ಚಿದವನಲ್ಲ.

ಮುದುಕರ ಮನೆಗಳಲ್ಲಿ ಕತ್ತರಿ ಸಿಗುವುದಿಲ್ಲ. ಮಕ್ಕಳು ಹೆದರಿ ತೆಗೆದುಕೊಂಡು ಹೋಗಿರುತ್ತಾರೆ, ಇಲ್ಲದಿದ್ದರೆ ಎಲ್ಲಿಟ್ಟೆವೆಂದು ಅವರಿಗೇ ಮರೆತಿರುತ್ತದೆ. ಔಷಧಿ ಅಂಗಡಿಯವರೋ ಹೊತ್ತು ಹೊತ್ತಿನ ಗುಳಿಗೆಗಳನ್ನು ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಬಿಗಿದು ಕಳಿಸುತ್ತಾರೆ, ಎಂಬತ್ತರ ಮುದುಕಿ ಎಳೆದು ಹರಿಯುತ್ತಾಳೆ ಎಂದುಕೊಂಡು. ಹೀಗಾಗಿ ಒಂದಲ್ಲ ಒಂದು ಚಾಕು ಡೆಲ್ಮಾಳ ಏಪ್ರನ್ನಿನ ಎಡಜೇಬಿನಲ್ಲಿ ಇಪ್ಪತ್ತೊಂದು ವರ್ಷವೂ ಇತ್ತು. ಆಸ್ಪತ್ರೆಯವರು ಮಣಿಕಟ್ಟಿಗೆ ಹಾಕಿ ಕಳಿಸಿದ ಪಟ್ಟಿ ಕತ್ತರಿಸಲು, ಕಿವಿ ಯಂತ್ರದ ಮುಚ್ಚಳ ಎಬ್ಬಿಸಲು, ವಾಕರ್‌ನ ಸಡಿಲ ತಿರುಪು ಬಿಗಿಮಾಡಲು, ಪೀಚ್ ಹಣ್ಣಿನ ಡಬ್ಬಿಗೆ. ಮನೆ ಮನೆಯ ನಡುವೆ ಸ್ಪಿರಿಟ್ ಹತ್ತಿಯಿಂದ ಒರೆಸುತ್ತಿದ್ದಳು. ಅದನ್ನು ದೊಡ್ಡ ಸೇವೆ ಎಂದು ಅವಳು ಯಾವತ್ತೂ ಹೇಳಲಿಲ್ಲ. ಚಾಕು ಇದ್ದರೆ ಮನೆಗೆ ಐದು ನಿಮಿಷ ಉಳಿಯುತ್ತದೆ, ಆ ಐದು ನಿಮಿಷ ಕಾರಿನಲ್ಲಿ ಸೀಟು ಹಿಂದಕ್ಕೆ ಮಾಡಿ ಬೆನ್ನು ಚಾಚಬಹುದು. ಅಷ್ಟೇ ಅವಳ ಲೆಕ್ಕ.

ಕಳೆದ ಜೂನ್ ತಿಂಗಳಲ್ಲಿ, ನಮ್ಮ ಕಡೆಯ ಚಳಿಗಾಲದಲ್ಲಿ, ಬರ್ಕ್ಲಿ ಬಡಾವಣೆಯ ಟ್ರಾಯ್ಚೆ ಮುದುಕನ ಮನೆಯಲ್ಲಿ ಆದದ್ದು ಹೇಳುತ್ತೇನೆ. ಟ್ರಾಯ್ಚೆ ಮ್ಯಾಸಿಡೋನಿಯಾದಿಂದ ಬಂದು ನಲವತ್ತು ವರ್ಷ ಉಕ್ಕಿನ ಕಾರ್ಖಾನೆಯ ಕುಲುಮೆಯ ಮುಂದೆ ಬೆವರು ಸುರಿಸಿದವನು. ಈಗ ಎಂಬತ್ತಾರು. ಮಧ್ಯಾಹ್ನ ಡೆಲ್ಮಾ ಹೋದಾಗ ಅವನು ಹಜಾರದ ಸಂದಿನಲ್ಲಿ ವಾಕರ್ ಹಿಡಿದು ಅರ್ಧ ನಿಂತು ಅರ್ಧ ಜೋತುಬಿದ್ದಿದ್ದ. ನಿಲುವಂಗಿಯ ಸೊಂಟದ ದಾರ ವಾಕರ್‌ನ ಚಕ್ರಕ್ಕೆ ಸುತ್ತಿ ಅವನ ಕಾಲನ್ನೂ ಸೇರಿಸಿ ಬಿಗಿದುಕೊಂಡಿತ್ತು. ಕಾಲು ಗಡಗಡ ನಡುಗುತ್ತಿತ್ತು. ಇಂಥ ಹೊತ್ತಿನಲ್ಲಿ ಆಫೀಸಿಗೆ ಫೋನ್ ಮಾಡಿ ಕಾಯಬೇಕು ಎಂಬುದು ಕಂಪನಿಯ ನಿಯಮ. ಫೋನ್ ಎತ್ತುವಷ್ಟರಲ್ಲಿ ಮುದುಕ ನೆಲಕ್ಕೆ ಬೀಳುತ್ತಿದ್ದ, ಸೊಂಟ ಮುರಿಯುತ್ತಿತ್ತು, ಆಮೇಲೆ ಆಸ್ಪತ್ರೆ, ಆಮೇಲೆ ನಮಗೆಲ್ಲ ಗೊತ್ತಿರುವುದೇ. ಡೆಲ್ಮಾ ಒಂದು ಭುಜ ಅವನಿಗೆ ಕೊಟ್ಟು ಬಗ್ಗಿ ನೀಲಿ ಹಿಡಿಯ ಚಾಕುವಿನಿಂದ ದಾರ ಕೊಯ್ದಳು. ಕೊನೆಯ ಎಳೆ ತಟಕ್ಕನೆ ತುಂಡಾಗಿ ಅಲಗು ಅವನ ಮೊಣಕಾಲಿನ ಕೆಳಗೆ ಸವರಿತು. ಆ ವಯಸ್ಸಿನ ಚರ್ಮ ಒದ್ದೆ ಕಾಗದವಿದ್ದ ಹಾಗೆ. ನಾಲ್ಕು ಹನಿ ರಕ್ತ. ಕೂರಿಸಿ, ತೊಳೆದು, ಪಟ್ಟಿ ಕಟ್ಟಿದಳು.

ಆಮೇಲೆ ವರದಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದಳು: ನನ್ನ ಸ್ವಂತ ಚಾಕುವಿನಿಂದ ಗಾಯವಾಯಿತು.

ವಾಕರ್ ತಗುಲಿ ಗಾಯ ಎಂದು ಬರೆದಿದ್ದರೆ ಮುಗಿದು ಹೋಗುತ್ತಿತ್ತಲ್ಲ ಎಂದು ನಾನು ಫೋನಿನಲ್ಲಿ ರೇಗಿದೆ. ನಾಳೆ ಬರೋ ನರ್ಸ್‌ಗೆ ಏನು ತಗುಲಿತು ಅಂತ ಗೊತ್ತಾಗದೆ ಇಂಜೆಕ್ಷನ್ ಹೇಗೆ ಕೊಡ್ತಾಳೆ ಎಂದು ಅವಳು ನನ್ನ ಮೇಲೇ ರೇಗಿದಳು.

ಎರಡು ವಾರದ ನಂತರ ಕಂಪನಿ ಕರೆ ಕಳಿಸಿತು. ಬೆಂಬಲಕ್ಕೆ ಒಬ್ಬರನ್ನು ಕರೆತರಬಹುದು ಎಂದಿತ್ತು, ನಾನು ಹೋದೆ. ಮ್ಯಾನೇಜರ್ ರೊವೆನಾ ಮೃದುವಾಗಿ ಮಾತಾಡುವ ಹೆಂಗಸು. ನೀರಿನ ಲೋಟ ಮುಂದಿಟ್ಟಳು, ಬೆನ್ನುನೋವು ಹೇಗಿದೆ ಎಂದು ಕೇಳಿದಳು, ಆಮೇಲೆ ಒಪ್ಪಂದದ ಪುಸ್ತಕ ತೆರೆದು ಮೂವತ್ತೊಂದನೆಯ ಕಲಮು ಓದಿದಳು. ನೌಕರರು ಕೆಲಸದಲ್ಲಿ ಸ್ವಂತ ಸಲಕರಣೆ ಬಳಸತಕ್ಕದ್ದಲ್ಲ. ಬೇಕಾದ ಸಲಕರಣೆಯನ್ನು ಕಂಪನಿಯೇ ಒದಗಿಸತಕ್ಕದ್ದು.

ಆ ಕಲಮು ಬರೆದವರು ನಾವು. ಹದಿನೈದು ವರ್ಷದ ಹಿಂದೆ ಇದೇ ಕಂಪನಿಯ ಗೇಟಿನಲ್ಲಿ ಹನ್ನೊಂದು ದಿನ ಮುಷ್ಕರ ಕೂತು ಗೆದ್ದದ್ದು. ಆಗ ಕೈಗವಸು, ಸೋಪು, ಏಪ್ರನ್ ಎಲ್ಲ ನೌಕರರೇ ತರಬೇಕಿತ್ತು. ತರಲಾಗದವರು ಬರಿಗೈಯಲ್ಲಿ ಮಲ ಬಳಿಯುತ್ತಿದ್ದರು. ನಾನು ಆ ವಾಕ್ಯಗಳನ್ನು ಗೇಟಿನ ಬಳಿ ಬಿಸಿ ಸಾರಿನ ಪಾತ್ರೆಯ ಪಕ್ಕ ಕೂತು ಗೀಚಿದ್ದೆ, ಗೆದ್ದ ದಿನ ಕುಣಿದಿದ್ದೆ. ಕಂಪನಿ ಕೈಗವಸು ಕೊಟ್ಟಿತು, ಏಪ್ರನ್ ಕೊಟ್ಟಿತು. ಕತ್ತರಿಯನ್ನು ನಾವು ಕೇಳಲೇ ಇಲ್ಲ. ಡೆಲ್ಮಾಳಂಥವರ ಜೇಬಿನಲ್ಲಿ ಚಾಕು ಇತ್ತು, ಹಾಗಾಗಿ ಯಾರಿಗೂ ಹೊಳೆಯಲಿಲ್ಲ. ನಾನೇ ಹೊಸೆದ ಹಗ್ಗ ಈಗ ಮೇಜಿನ ಮೇಲಿತ್ತು, ಕುತ್ತಿಗೆ ಮಾತ್ರ ಅವಳದು.

ರೊವೆನಾ ಎರಡು ದಾರಿ ಇಟ್ಟಳು. ಇನ್ನು ಮುಂದೆ ಹರಿತವಾದ ಯಾವ ವಸ್ತುವನ್ನೂ ತರುವುದಿಲ್ಲ ಎಂದು ಬರೆದುಕೊಟ್ಟು ಕೊನೆಯ ಎಚ್ಚರಿಕೆಗೆ ಸಹಿ ಹಾಕುವುದು. ಎರಡು ವರ್ಷ ಅದು ಕಡತದಲ್ಲಿ ಇರುತ್ತದೆ, ಅಷ್ಟರಲ್ಲಿ ಇನ್ನೊಂದು ತಪ್ಪಾದರೆ ಕೆಲಸ ಹೋಗುತ್ತದೆ. ಇಲ್ಲವೇ ಯೂನಿಯನ್ನು ಮೂವತ್ತೊಂದನೆಯ ಕಲಮನ್ನು ಕೈಬಿಡುವುದು. ಕಲಮೇ ಇಲ್ಲದಿದ್ದರೆ ತಪ್ಪೂ ಇಲ್ಲ. ಡೆಲ್ಮಾಳ ಕಡತ ಮುಚ್ಚುತ್ತದೆ, ಬೇಕಾದವರು ಬೇಕಾದ ಚಾಕು ತರಬಹುದು. ಒಂದು ವಾರ ಸಮಯ.

ಡೆಲ್ಮಾಳಿಗೆ ಅರವತ್ತಮೂರು. ಪಿಂಚಣಿಗೆ ಇನ್ನು ನಾಲ್ಕು ವರ್ಷ. ಈ ವಯಸ್ಸಿನಲ್ಲಿ, ಆ ಬೆನ್ನಿಗೆ, ಬೇರೆ ಯಾರೂ ಕೆಲಸ ಕೊಡುವುದಿಲ್ಲ. ಎರಡು ವರ್ಷ ಒಂದೂ ತಪ್ಪು ಮಾಡದೆ ದಿನಕ್ಕೆ ಎಂಟು ಮನೆ ತಿರುಗುವುದು ದೇವತೆಗಳಿಂದಲೂ ಆಗದ ಮಾತು. ನಾನು ಲೆಕ್ಕ ಹಾಕಿದೆ. ಕಲಮು ಬಿಡೋಣ ಎಂದು ತೀರ್ಮಾನಿಸಿದೆ. ಹೋರಾಟ ಮಾಡಿದವರಿಗೆ ಗೆದ್ದದ್ದನ್ನು ಬಿಟ್ಟುಕೊಡುವುದು ಹಲ್ಲು ಕಿತ್ತ ಹಾಗೆ. ಆದರೂ ಆ ವಾರ ಅವಳ ಕೆಲಸ ಉಳಿದರೆ ನನಗೆ ಸಾಕಾಗಿತ್ತು.

ಭಾನುವಾರ ಬೆಳಿಗ್ಗೆ ಬೌಲಿಂಗ್ ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ಇಪ್ಪತ್ತಮೂರು ಜನ ಸೇರಿದರು. ನಾನು ಎದ್ದು ನಿಂತು ಎಲ್ಲವನ್ನೂ ಹೇಳಿದೆ, ನಿರ್ಣಯ ಓದಿದೆ. ಡೆಲ್ಮಾ ಎಲ್ಲರಿಗೂ ಬೇಕಾದವಳು. ಹೊಸಬರಿಗೆ ಕೆಲಸ ಕಲಿಸಿದವಳು. ಕೈ ಎತ್ತಿಬಿಡುತ್ತಾರೆ, ಮುಗಿಯುತ್ತದೆ ಎಂದುಕೊಂಡೆ.

ಅಕನೇಸಿ ಎದ್ದಳು. ಟೋಂಗಾ ದ್ವೀಪದವಳು, ಮೂರು ಮಕ್ಕಳು, ಅತ್ತೆ, ಮಾವ, ಇವಳೊಬ್ಬಳದೇ ದುಡಿಮೆ. ಡೆಲ್ಮಾಳ ಕಡೆ ತಿರುಗಿಯೇ ಮಾತಾಡಿದಳು.

"ಬೇಜಾರು ಮಾಡ್ಕೋಬೇಡ ಡೆಲ್ಮಾ. ನಿನಗೆ ಚಾಕು ತರೋಕೆ ಬಿಡ್ತಾರೆ. ಆಮೇಲೆ ನನಗೆ ಯಾಕೆ ತಂದಿಲ್ಲ ಅಂತ ಕೇಳ್ತಾರೆ. ಆಮೇಲೆ ಕೈಗವಸು ತಾ, ಏಪ್ರನ್ ತಾ ಅಂತಾರೆ. ನಾನು ಎಲ್ಲಿಂದ ತರಲಿ?"

ಇಷ್ಟು ಹೇಳಿ ಕೂತು ಅತ್ತಳು. ಯಾರೋ ಟೀ ತಂದುಕೊಟ್ಟರು. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದು ನನಗೂ ಗೊತ್ತಿತ್ತು, ಗೊತ್ತಿದ್ದೇ ನಿರ್ಣಯ ಬರೆದಿದ್ದೆ.

ನಾನು ಮತಕ್ಕೆ ಹಾಕಿದೆ. ಕಲಮು ಬಿಡುವುದಕ್ಕೆ ಒಪ್ಪುವವರು ಎಂದಾಗ ಒಂಬತ್ತು ಕೈ ಎದ್ದವು, ಅಷ್ಟರಲ್ಲೇ ಇನ್ನೂ ನಾಲ್ಕೈದು ಕೈ ಅರ್ಧಕ್ಕೆ ಬಂದಿದ್ದವು. ಆ ಅರ್ಧ ಕೈಗಳೆಲ್ಲ ಡೆಲ್ಮಾ ಏನು ಮಾಡುತ್ತಾಳೆಂದು ಕಾಯುತ್ತಿದ್ದವು. ಅವಳು ಕುರ್ಚಿಯ ಬೆನ್ನು ಹಿಡಿದು ಎದ್ದಳು.

"ಆ ಕೈ ಕೆಳಗಿಳಿಸ್ರಮ್ಮಾ," ಎಂದಳು. "ನನ್ನ ಕುಂಡೆ ಉಳಿಸೋಕೆ ಎಲ್ಲರ ಜೇಬಿಗೆ ಕತ್ತರಿ ಹಾಕೋದಾ? ಹನ್ನೊಂದು ದಿನ ಆ ಗೇಟಲ್ಲಿ ನಾನೂ ಕೂತಿದ್ದೆ. ಮೂಲವ್ಯಾಧಿ ಬಂದಿದ್ದು ಆವಾಗ್ಲೇ."

ಜನ ನಕ್ಕರು. ಅವಳು ನಗಲಿಲ್ಲ. ನನ್ನ ಕಡೆ ನೋಡಿ, ವಿರುದ್ಧದವರ ಲೆಕ್ಕ ತಗೋ ಎಂದಳು. ತಗೊಂಡೆ. ಮೊದಲ ಕೈ ಅವಳದು. ನಿರ್ಣಯ ಬಿತ್ತು.

ಹೊರಗೆ ಕಾರಿನ ಹತ್ತಿರ ನಾನು ಸುಮ್ಮನಿರಲಾರದೆ, ಇಷ್ಟು ದೊಡ್ಡಸ್ತಿಕೆ ನಿನಗ್ಯಾಕೆ ಬೇಕಿತ್ತು ಎಂದೆ. ಅಪ್ಪನ ಹಾಗೆ ನನಗೂ ತಲೆ ಗಟ್ಟಿ, ಅಷ್ಟೇ ಎಂದಳು. ಕಾರಿನ ಬಾಗಿಲು ತೆರೆದು ಇನ್ನೊಂದು ಮಾತು ಸೇರಿಸಿದಳು: "ನೀನು ಆ ಕಲಮಿನ ಎರಡನೇ ವಾಕ್ಯ ಮರೆತುಬಿಟ್ಟಿದ್ದೀಯ ಕಣಯ್ಯಾ."

ಬುಧವಾರ ಸಹಿ ಹಾಕಿದಳು. ರೊವೆನಾ ಕ್ಷಮೆ ಕೇಳುವವಳ ಹಾಗೆ ಪೆನ್ನು ಕೊಟ್ಟಳು.

ಮರುದಿನ ಟ್ರಾಯ್ಚೆಯ ಮನೆಯಲ್ಲಿ ಮಂಡಿನೋವಿನ ಗುಳಿಗೆಯ ಪೊಟ್ಟಣ ಬಿಚ್ಚಬೇಕಾಯಿತು. ಅಲ್ಲಿ ನಡೆದ ಮಾತನ್ನು ಅವನೂ ಹೇಳಿದ, ಅವಳೂ ಹೇಳಿದಳು, ಎರಡೂ ಒಂದೇ ಇತ್ತು. ಚಾಕು ಎಲ್ಲಿ ಎಂದು ಅವನು ಕೇಳಿದ. ಮನೆಯಲ್ಲಿ ಎಂದಳು.

"ಹಾಗಾದ್ರೆ ಹಲ್ಲಲ್ಲಿ ಕಚ್ಚಿ ಹರಿ."

"ಹಲ್ಲೂ ನನ್ನ ಸ್ವಂತದ್ದು. ಬಳಸೋ ಹಾಗಿಲ್ಲ. ನೀನೇ ಕಚ್ಚು."

"ನನ್ನ ಹಲ್ಲು ಅಲ್ಲಿ ಲೋಟದಲ್ಲಿದೆ."

ಡೆಲ್ಮಾ ಮಂಚದ ಅಂಚಿನಲ್ಲಿ ಕೂತು ಆಫೀಸಿಗೆ ಫೋನ್ ಮಾಡಿದಳು. ಮೂವತ್ತೊಂದನೆಯ ಕಲಮಿನ ಎರಡನೇ ವಾಕ್ಯದ ಪ್ರಕಾರ ಕಂಪನಿಯೇ ಒಂದು ಕತ್ತರಿ ಒದಗಿಸಬೇಕು, ಯಾರನ್ನಾದರೂ ಕಳಿಸಿ ಎಂದಳು. ಕಾಯಿರಿ ಎಂದರು, ಸಂಗೀತ ಹಾಕಿದರು. ಗುಳಿಗೆ ತಡವಾದರೆ ನೋವಾಗುತ್ತದೆ, ಅಷ್ಟೇ ಎಂದು ನರ್ಸ್ ಹೇಳಿದ್ದಳು. ನೋವು ನಂದು, ನಾನು ಕಾಯುತ್ತೇನೆ, ನನಗೇನು ರೈಲು ಹಿಡಿಯುವುದಿದೆಯಾ ಎಂದನಂತೆ ಮುದುಕ. ಕಾರ್ಖಾನೆಯ ಗೇಟಿನಲ್ಲಿ ಅವನೂ ಎಷ್ಟೋ ಸಲ ಮುಷ್ಕರ ಕೂತವನು. ಇಪ್ಪತ್ತಾರು ನಿಮಿಷ ಇಬ್ಬರೂ ಆ ದರಿದ್ರ ಸಂಗೀತ ಕೇಳಿದರು. ಕತ್ತರಿ ಬರಲಿಲ್ಲ, ಕಡೆಗೆ ಪೊಟ್ಟಣವನ್ನು ಉಗುರಲ್ಲಿ ಸೀಳಿದಳು, ಮುಂದಿನ ಮನೆಗೆ ತಡವಾಯಿತು. ಆ ಮನೆಯ ಮಗ ಆಫೀಸಿಗೆ ಫೋನ್ ಮಾಡಿ ಬೈದ.

ಸೋಮವಾರದಿಂದ ಅಕನೇಸಿಯೂ ಫೋನ್ ಮಾಡತೊಡಗಿದಳು. ಆಮೇಲೆ ಉಳಿದವರು. ನಾನು ಯಾರಿಗೂ ಹೇಳಿರಲಿಲ್ಲ. ತುರ್ತಿನ ಗುಳಿಗೆಯಾದರೆ ಉಗುರಲ್ಲಿ ಸೀಳಿ ಕೊಟ್ಟುಬಿಡುತ್ತಿದ್ದರು, ಉಳಿದದ್ದಕ್ಕೆಲ್ಲ ಫೋನು. ತಡವಾದ ನಿಮಿಷಗಳೆಲ್ಲ ಕಂಪನಿಯ ತಲೆಗೇ ಬಿದ್ದವು. ಮೂರನೆಯ ವಾರ ಆಫೀಸಿನಿಂದ ಒಂದು ಪೆಟ್ಟಿಗೆ ಬಂತು, ತಲೆಗೊಂದರಂತೆ ಕತ್ತರಿ. ಮಕ್ಕಳು ಬಣ್ಣದ ಕಾಗದ ಕತ್ತರಿಸುವಂಥದ್ದು, ತುದಿ ದುಂಡಗೆ, ಹಿಡಿ ಹಳದಿ. ಡೆಲ್ಮಾ ಅದನ್ನು ಗುಳಿಗೆ ಪೊಟ್ಟಣದ ಮೇಲೆ ಇಟ್ಟು ಒತ್ತಿದಳು. ಪ್ಲಾಸ್ಟಿಕ್ ಮಡಚಿಕೊಂಡಿತೇ ಹೊರತು ಹರಿಯಲಿಲ್ಲ.

ಕಳೆದ ವಾರ ಅವಳನ್ನು ನೋಡಲು ಹೋದೆ. ಟ್ರಾಯ್ಚೆಯ ಮನೆಯ ಮೆಟ್ಟಿಲ ಬಳಿ ಬೆನ್ನನ್ನು ಗೋಡೆಗೆ ಒತ್ತಿ ನಿಂತಿದ್ದಳು, ಕಿವಿಗೆ ಫೋನು. ಕಾರಿನಲ್ಲಿ ಬೆನ್ನು ಚಾಚಲು ಈಗ ಅವಳಿಗೆ ನಿಮಿಷ ಉಳಿಯುವುದಿಲ್ಲ. ಸರಿಯಾದ ಕತ್ತರಿ ಕೇಳಿ ಕಂಪನಿಗೆ ನಾನು ಬರೆದ ಪತ್ರಕ್ಕೆ ಉತ್ತರ ಬಂದಿಲ್ಲ ಎಂದೆ. ಅವಳು ಕೈ ಎತ್ತಿ ನನ್ನನ್ನು ತಡೆದು, ಫೋನಿನಲ್ಲಿ ತನ್ನ ಹೆಸರು, ನೌಕರಿ ನಂಬರು ಹೇಳಿ, ಮೂವತ್ತೊಂದನೆಯ ಕಲಮು ಎಂದಳು. ಅತ್ತ ಕಡೆಯವಳು ಕಾಯಲು ಹೇಳಿದಳು.